ಹಳೇ ಕ್ಯಾಮೆರಾ ತಪ್ಪಿ ಹಿಡಿದ ಮುಖ

ಎರಡು ಕ್ಯಾಮೆರಾಗಳನ್ನು ಒಂದೇ ಮದುವೆಗೆ ಹೊತ್ತುಕೊಂಡು ಹೋಗುವ ಹಾಗಾಗಿದ್ದು ಕುಣಿಗಲ್‌ನ ಒಬ್ಬ ಫೋಟೊಗ್ರಾಫರ್ ಕೇಳಿದ ಪ್ರಶ್ನೆಯಿಂದ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನನ್ನದೊಂದು ಪುಟ್ಟ ಸ್ಟುಡಿಯೊ ಇದೆ. ಒಂಬತ್ತು ವರ್ಷ ಒಂದೇ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಮದುವೆ, ನಾಮಕರಣ, ಸೀಮಂತ ಎಲ್ಲ ತೆಗೆದು, ಕೊನೆಗೂ ಹೊಸದೊಂದನ್ನು ತಂದಿದ್ದೆ. ಹಳೆಯದನ್ನು ತಾವು ತೆಗೆದುಕೊಳ್ಳುವುದಾಗಿ ಕುಣಿಗಲ್‌ನವರು ಮುಂದೆ ಬಂದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಇವತ್ತಿಗೂ ಹಳೇ ಕಾಲದ ದಪ್ಪನೆಯ ಡಿಎಸ್‌ಎಲ್‌ಆರ್ ಹಿಡಿದೇ ದುಡಿಯುತ್ತಿದ್ದವರು.

"ಹೊಸದ್ರ ಮುಂದೆ ಇದು ಎಷ್ಟ್ ನಿಲ್ತದೆ ಮೇಡಂ? ಒಂದೇ ಫಂಕ್ಷನ್ನಾಗೆ ಎರಡ್ರಲ್ಲೂ ತೆಗ್ದು ತೋರ್ಸಿ. ಕಣ್ಣಾರೆ ನೋಡ್ಬುಟ್ಟು ತಗೋತೀನಿ" ಅಂದರು.

ನ್ಯಾಯವಾದ ಮಾತು. ನನಗೂ ಒಳಗೊಳಗೇ ಆಸೆಯಿತ್ತು, ಹೊಸದು ಗೆಲ್ಲುವುದನ್ನು ನೋಡಬೇಕೆಂದು. ಗುಬ್ಬಿಯಲ್ಲಿ ಆ ವಾರವೇ ಒಂದು ಮದುವೆ ಒಪ್ಪಿಕೊಂಡಿದ್ದೆ. ಬಲ ಹೆಗಲಿಗೆ ಹೊಸದು, ಎಡ ಹೆಗಲಿಗೆ ಹಳೆಯದು ನೇತುಹಾಕಿಕೊಂಡು ಬೆಳಗ್ಗೆ ಆರೂವರೆಗೆಲ್ಲ ಕಲ್ಯಾಣ ಮಂಟಪದಲ್ಲಿದ್ದೆ. ಜೋಡೆತ್ತು ಕಟ್ಟಿಕೊಂಡವರ ಹಾಗೆ ಕಾಣುತ್ತಿದ್ದೆನೋ ಏನೋ, ಬಾಗಿಲಲ್ಲಿ ಪನ್ನೀರು ಚಿಮುಕಿಸಲು ನಿಂತಿದ್ದ ಹುಡುಗಿಯರು ನನ್ನನ್ನು ನೋಡಿ ಕಿಸಕ್ಕನೆ ನಕ್ಕರು.

ಹೊಸದರ ಗುಣಗಾನ ಮಾಡದೆ ಮುಂದೆ ಹೋಗಲಾರೆ. ಅದು ಮನುಷ್ಯರ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುತ್ತದೆ. ಓಡುತ್ತಿದ್ದರೂ ಸರಿ, ತಿರುಗುತ್ತಿದ್ದರೂ ಸರಿ, ಕಣ್ಣಿನ ಮೇಲೆ ಒಂದು ಚಿಕ್ಕ ಚೌಕ ಕೂತರೆ ಏಳುವುದಿಲ್ಲ. ಇನ್ನೂ ಒಂದು ಸೌಕರ್ಯವುಂಟು: ಒಬ್ಬರ ಮುಖವನ್ನು ಮೊದಲೇ ಅದಕ್ಕೆ ಪರಿಚಯ ಮಾಡಿಸಿ ಇಡಬಹುದು. ಆಮೇಲೆ ನೂರು ಜನರ ಮಧ್ಯೆ ನಿಂತರೂ ಆ ಮುಖವನ್ನೇ ಹುಡುಕಿ ಹಿಡಿಯುತ್ತದೆ. ಕಾರ್ಡ್ ಹಾಕಲು ಎರಡು ಕಿಂಡಿ, ಪ್ರತಿ ಫೋಟೊಗೂ ಎರಡು ಪ್ರತಿ. ಹಳೆಯದಕ್ಕೆ ಇದ್ಯಾವುದೂ ಇಲ್ಲ. ಮಧ್ಯದ ಒಂದು ಚೌಕವನ್ನು ನಾವೇ ಮುಖದ ಮೇಲಿಟ್ಟು ಗುಂಡಿಯನ್ನು ಅರ್ಧ ಒತ್ತಿ ಕಾಯಬೇಕು. ಬೆಳಕು ಕಡಿಮೆಯಾದರೆ ಲೆನ್ಸ್ ಹಿಂದಕ್ಕೂ ಮುಂದಕ್ಕೂ ತಡಕಾಡಿ, ಕೊನೆಗೆ ಬೇಸತ್ತು ಹಿಂದಿನ ಗೋಡೆಯನ್ನೋ ಕಂಬವನ್ನೋ ಹಿಡಿದು ಕೂರುತ್ತದೆ. ಕಾರ್ಡಿಗೆ ಒಂದೇ ಕಿಂಡಿ. ಒಂದು ಮದುವೆಗೆ ಮೂರು ಬ್ಯಾಟರಿ ತಿನ್ನುತ್ತದೆ.

ವಧುವಿನ ಕೋಣೆಗೆ ಹೋದವಳೇ ಮೊದಲು ಮಾಡಿದ ಕೆಲಸ ಮದುವೆ ಹುಡುಗಿಯ ಮುಖವನ್ನು ಹೊಸ ಕ್ಯಾಮೆರಾಗೆ ಪರಿಚಯ ಮಾಡಿಸಿದ್ದು. ಹುಡುಗಿ ಹೈಸ್ಕೂಲ್ ಟೀಚರ್. ನಕ್ಕರೆ ಕೆನ್ನೆಯಲ್ಲಿ ಒಂದೇ ಕಡೆ ಗುಳಿ. ಅವಳ ಹಿಂದೆ ನಿಂತು ಒಬ್ಬ ಹೆಂಗಸು ಜಡೆ ಹೆಣೆಯುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು, ಬರಿ ಹಣೆ, ತೆಳು ಕಾಫಿ ಬಣ್ಣದ ಸೀರೆ, ಎಡಗಣ್ಣು ಬಲಗಣ್ಣಿಗಿಂತ ಒಂದು ಚೂರು ಚಿಕ್ಕದು. ಬಾಯಲ್ಲಿ ಹೇರ್‌ಪಿನ್ ಕಚ್ಚಿಕೊಂಡಿದ್ದರು. ಹುಡುಗಿಯ ಸೋದರತ್ತೆ ಎಂದು ಆಮೇಲೆ ಗೊತ್ತಾಯಿತು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವರು, ತಮ್ಮನ ಹೆಂಡತಿಯೂ ಹೋದಾಗ ನಾಲ್ಕು ವರ್ಷದ ಮಗುವನ್ನು ಮಡಿಲಿಗೆ ಹಾಕಿಕೊಂಡವರು. ಆ ಮಗುವೇ ಈಗ ಹಸೆಮಣೆ ಏರುತ್ತಿತ್ತು.

ನಾನು ಅವರ ಕಡೆ ಕ್ಯಾಮೆರಾ ತಿರುಗಿಸಿದೆ. ಅವರು ಪಿನ್ ತೆಗೆದು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು.

"ನಂದ್ಯಾಕವ್ವ ವೇಸ್ಟ್ ಮಾಡ್ತೀಯ. ಹುಡ್ಗೀನ್ ತೆಗಿ, ಅವ್ಳ್ ಚೆಂದಾಗಿ ಬರ್ಲಿ."

"ನೀವೂ ಇರಿ ಅಮ್ಮ, ಒಂದೇ ಒಂದು."

"ಏ ಬುಡು ತಾಯಿ" ಎಂದು ಮತ್ತೆ ಜಡೆಗೆ ಕೈಹಾಕಿದರು. ನಾನೂ ಬಿಟ್ಟೆ. ಕ್ಯಾಮೆರಾ ಇಳಿಸಿದೆ. ಇನ್ನೊಂದು ಸಲ ಕೇಳಬಹುದಿತ್ತು, ಕೇಳಲಿಲ್ಲ. ನನ್ನ ತಲೆಯೆಲ್ಲ ಪರೀಕ್ಷೆಯ ಮೇಲಿತ್ತು.

ಹೊಸತರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ನಾನೂ ಹಾಗೇ ಒಗೆದೆ. ಹೊಸ ಕ್ಯಾಮೆರಾಗೆ ಉದ್ದದ ಪೋರ್ಟ್ರೇಟ್ ಲೆನ್ಸ್ ಹಾಕಿ, ಬೆಳಕು ಒಳಬಿಡುವ ಅಪರ್ಚರ್ ಪೂರ್ತಿ ತೆರೆದಿಟ್ಟೆ. ಮದುವೆ ಹುಡುಗಿಯ ಕಣ್ರೆಪ್ಪೆ ಎಣಿಸುವಷ್ಟು ಸ್ಪಷ್ಟ. ಅವಳ ಹಿಂದಿದ್ದದ್ದೆಲ್ಲ ಕರಗಿದ ಬೆಣ್ಣೆ. ಈಗಿನವರಿಗೆ ಅದೇ ಬೇಕು. ಬ್ಯಾಕ್‌ಗ್ರೌಂಡ್ ಬ್ಲರ್ ಇಲ್ಲದಿದ್ದರೆ ಫೋನಲ್ಲೇ ತೆಗೀಬಹುದಿತ್ತು ಅನ್ನುತ್ತಾರೆ. ಒಂದೇ ಒಂದು ಕಡೆ ಹೊಸದು ಮುಗ್ಗರಿಸಿತು. ಧಾರೆಯ ಹೊತ್ತಿಗೆ ಸದ್ದಿಲ್ಲದ ಶಟರ್ ಹಾಕಿದ್ದೆ, ವೇದಿಕೆಯ ಎಲ್‌ಇಡಿ ದೀಪಕ್ಕೆ ಫೋಟೊದ ಮೇಲೆ ಅಡ್ಡಡ್ಡ ಪಟ್ಟೆ ಬಂದವು. ತಕ್ಷಣ ಸದ್ದಿನ ಶಟರ್‌ಗೆ ಬದಲಾಯಿಸಿದೆ. ಹಳೆಯದು ಅರಿಶಿನವನ್ನು ಸ್ವಲ್ಪ ಕೆಂಪಗೆ ತೋರಿಸುತ್ತಿತ್ತು, ಹೊಸದು ಅರಿಶಿನದ ಹಾಗೇ ತೋರಿಸುತ್ತಿತ್ತು. ಎಲ್ಲವನ್ನೂ ಮನಸ್ಸಿನಲ್ಲೇ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ.

ಅಪ್ಪ ಒಂಟಿಯಾದ್ದರಿಂದ ಧಾರೆ ಎರೆದವರು ಚಿಕ್ಕಪ್ಪ ಚಿಕ್ಕಮ್ಮ. ಅತ್ತೆ ವೇದಿಕೆ ಹತ್ತಲೇ ಇಲ್ಲ. ಅವರನ್ನು ಯಾರೂ ಬೇಡವೆಂದಿದ್ದು ನಾನು ಕೇಳಲಿಲ್ಲ, ಬನ್ನಿ ಎಂದಿದ್ದನ್ನೂ ಕೇಳಲಿಲ್ಲ. ಅಡುಗೆಮನೆ ಬಾಗಿಲಿನಲ್ಲೋ, ಕಂಬದ ಪಕ್ಕದಲ್ಲೋ, ಹುಡುಗಿ ಎಲ್ಲಿ ಕಾಣುತ್ತಾಳೋ ಅಲ್ಲಿ ನಿಂತಿರುತ್ತಿದ್ದರು. ಗ್ರೂಪ್ ಫೋಟೊಗೆ ಕರೆದಾಗ ಎಲೆ ಹಾಕಿಸುವ ನೆಪ ಹೇಳಿ ಹೋದರು.

ಊಟವಾದ ಮೇಲೆ ಹೆಣ್ಣು ಒಪ್ಪಿಸುವ ಶಾಸ್ತ್ರ. ಮಂಟಪದ ಒಳಗಿನ ಹಜಾರದಲ್ಲಿ ಬೆಳಕು ಕಡಿಮೆ. ಹುಡುಗಿ ಅಳುತ್ತಿದ್ದಳು. ಹೊಸದರಲ್ಲಿ ಕಣ್ಣೀರಿನ ಹನಿಯೂ ಸಿಕ್ಕಿತು. ಪರೀಕ್ಷೆಯ ನಿಯಮ ಮುರಿಯಬಾರದಲ್ಲ ಎಂದು ಹಳೆಯದರಲ್ಲೂ ನಾಲ್ಕಾರು ತೆಗೆದೆ. ಅದು ಎಂದಿನಂತೆ ಗೊರಗೊರ ಎಂದು ತಡಕಾಡಿ ಎಲ್ಲೋ ಹಿಂದಕ್ಕೆ ಹೋಗಿ ನಿಂತಿತು. ಪರದೆಯಲ್ಲಿ ನೋಡಿದರೆ ಹುಡುಗಿ ಪೂರ್ತಿ ಮಸುಕು. "ಹಾಳಾಗಿ ಹೋಗು" ಎಂದು ಬೈದು ಹೆಗಲಿಗೆ ಹಾಕಿಕೊಂಡೆ.

ಮಾರನೇ ದಿನ ಕೂತು ಎರಡರ ಫೋಟೊಗಳನ್ನೂ ಅಕ್ಕಪಕ್ಕ ಹಾಕಿ ನೋಡಿದೆ. ಹೊಸದರಲ್ಲಿ ಫೋಕಸ್ ತಪ್ಪಿದ್ದು ಬೆರಳೆಣಿಕೆಯಷ್ಟು. ಹಳೆಯದರಲ್ಲಿ ಅರ್ಧಕ್ಕರ್ಧ ಜಳ್ಳು. ಆದರೂ ಹೊರಗಿನ ಬೆಳಕಿನಲ್ಲಿ ತೆಗೆದವು ಹೊಸದಕ್ಕೆ ಸರಿಸಮವಾಗಿದ್ದವು. ಅಂಥ ನಲವತ್ತನ್ನು ಆರಿಸಿ, ಹೊಸದರ ನಲವತ್ತರ ಜೊತೆ ಕುಣಿಗಲ್‌ಗೆ ಕಳಿಸಿದೆ. ಸಂಜೆ ಉಪಯೋಗಿಸಬೇಡಿ, ಕತ್ತಲಲ್ಲಿ ಕುರುಡು ಎಂದೂ ಬರೆದೆ. ಅವರಿಗೆ ಒಪ್ಪಿಗೆಯಾಯಿತು.

ಇಲ್ಲಿ ನನ್ನ ಒಂದು ಜಂಬದ ಕತೆ ಹೇಳಬೇಕು. ಫೋಕಸ್ ತಪ್ಪಿದ ಫೋಟೊ ನನ್ನ ಕಂಪ್ಯೂಟರಿನಲ್ಲಿ ಒಂದು ದಿನವೂ ಇರಬಾರದು ಎಂಬುದು ನಾನೇ ಮಾಡಿಕೊಂಡ ಕಟ್ಟಳೆ. ಮಿಕ್ಕವರು ಆಲ್ಬಮ್ ಕೊಡುವವರೆಗೆ ಎಲ್ಲವನ್ನೂ ಇಟ್ಟಿರುತ್ತಾರೆ, ನಾನು ಆರಿಸಿದ ದಿನವೇ ಜಳ್ಳನ್ನು ತೂರಿಬಿಡುತ್ತೇನೆ. ಹಳೆಯದರ ಆ ನಲವತ್ತನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿದೆ. ಕ್ಯಾಮೆರಾದ ಕಾರ್ಡನ್ನು ಫಾರ್ಮ್ಯಾಟ್ ಮಾಡಿ, ಅದರೊಳಗೇ ಬಿಟ್ಟು, ಮೂರು ಬ್ಯಾಟರಿ ಸಮೇತ ಕುಣಿಗಲ್‌ನವರ ಕೈಗಿತ್ತೆ. ಅವರ ಹಳೇ ಡಿಎಸ್‌ಎಲ್‌ಆರ್‌ನ ಕಾರ್ಡುಗಳು ದೊಡ್ಡವು, ಇದಕ್ಕೆ ಹಿಡಿಸುತ್ತಿರಲಿಲ್ಲ. ಒಂದಾದರೂ ಇರಲಿ ಎಂದು ಕೊಟ್ಟೆ.

ಮದುವೆಯಾಗಿ ಹದಿನೈದು ದಿನವಾಗಿರಬಹುದು, ಅತ್ತೆ ತೀರಿಕೊಂಡರು. ಎದೆನೋವು ಅಂದರಂತೆ, ಗುಬ್ಬಿಯಿಂದ ತುಮಕೂರಿನ ಆಸ್ಪತ್ರೆಗೆ ತರುವಷ್ಟರಲ್ಲಿ ಮುಗಿದಿತ್ತು. ಸುದ್ದಿ ನನಗೆ ತಿಳಿದದ್ದು ಒಂದು ವಾರದ ಮೇಲೆ, ಮದುವೆ ಹುಡುಗಿ ಫೋನ್ ಮಾಡಿದಾಗ.

"ಅಕ್ಕ, ಹನ್ನೊಂದ್ನೇ ದಿನದ ಕಾರ್ಯಕ್ಕೆ ಅತ್ತೇದೊಂದು ಫೋಟೊ ಬೇಕಿತ್ತು. ಮದುವೇದ್ರಲ್ಲಿ ಇರುತ್ತಲ್ಲ, ಮುಖ ಮಾತ್ರ ದೊಡ್ಡದು ಮಾಡಿ ಕೊಡಿ."

ನಮ್ಮ ಕಸುಬಿನಲ್ಲಿ ಇದು ಹೊಸದಲ್ಲ. ವಯಸ್ಸಾದವರು ಎಷ್ಟೋ ಜನ ತಮಗೆಂದು ಫೋಟೊ ತೆಗೆಸಿಕೊಂಡಿರುವುದೇ ಇಲ್ಲ. ಯಾರದೋ ಮದುವೆಯ ಗುಂಪಿನಿಂದ ಅವರ ಮುಖವನ್ನು ಕತ್ತರಿಸಿ, ಹಿಂದೆ ನೀಲಿ ಬಣ್ಣ ಬಳಿದು, ಕಟ್ಟು ಹಾಕಿಸಿ ಕೊಡುತ್ತೇವೆ. ಆಯ್ತಮ್ಮ, ಸಂಜೆಯೊಳಗೆ ಕಳಿಸುತ್ತೇನೆ ಅಂದೆ. ಕಷ್ಟದ ಕೆಲಸವೆಂದು ಅನ್ನಿಸಲೇ ಇಲ್ಲ.

ಕಂಪ್ಯೂಟರ್ ತೆರೆದು ಹುಡುಕುತ್ತ ಹೋದಂತೆ ಅಂದುಕೊಂಡಷ್ಟು ಸುಲಭವಲ್ಲವೆಂದು ಗೊತ್ತಾಯಿತು. ಅತ್ತೆ ಹತ್ತಾರು ಫೋಟೊಗಳಲ್ಲಿದ್ದರು. ಎಲ್ಲದರಲ್ಲೂ ಹುಡುಗಿಯ ಹಿಂದೆ, ಎಲ್ಲದರಲ್ಲೂ ಕರಗಿದ ಬೆಣ್ಣೆಯೊಳಗೆ. ಕಾಫಿ ಬಣ್ಣದ ಒಂದು ಕಲೆ, ಅದರ ಮೇಲೆ ಮುಖವಿರಬೇಕಾದಲ್ಲಿ ಒಂದು ಉಂಡೆ. ಕಣ್ಣೆಲ್ಲಿ, ಮೂಗೆಲ್ಲಿ ಎಂದು ಹೇಳಲೂ ಆಗದು. ನನ್ನ ಹೊಸ ಕ್ಯಾಮೆರಾ ನಾನು ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು. ಒಂದು ಮುಖ ಹಿಡಿ ಅಂದಿದ್ದೆ, ಒಂದನ್ನೇ ಹಿಡಿದಿತ್ತು. ಅದರ ತಪ್ಪೇನೂ ಇರಲಿಲ್ಲ.

ಬೇರೆ ಏನಾದರೂ ಇದೆಯಾ ಎಂದು ಹುಡುಗಿಯನ್ನೇ ಕೇಳಿದೆ. "ಆಧಾರ್‌ದು ಇದೆ ಅಕ್ಕ, ನೋಡಿದ್ರೆ ಅಳು ಬರುತ್ತೆ. ನನ್ನ ಫೋನಲ್ಲಿ ಹಬ್ಬದ್ದು ಎರಡ್ಮೂರಿದೆ, ಎಲ್ಲದ್ರಲ್ಲೂ ಸೆರಗು ಅಡ್ಡ ಹಿಡ್ದವ್ರೆ" ಅಂದಳು.

ಮಸುಕಾದ ಮುಖವನ್ನು ತಿದ್ದುವ ಎಐ ಸಾಫ್ಟ್‌ವೇರುಗಳು ಈಗ ಬಂದಿವೆ. ಇದ್ದುದರಲ್ಲಿ ದೊಡ್ಡದಾಗಿದ್ದ ಒಂದು ಉಂಡೆಯನ್ನು ಅದರ ಬಾಯಿಗಿಟ್ಟೆ. ಅರ್ಧ ನಿಮಿಷದಲ್ಲಿ ಒಬ್ಬ ಹೆಂಗಸು ಮೂಡಿ ಬಂದರು. ಚೆಂದದ ಹುಬ್ಬು, ನೆರಿಗೆಯಿಲ್ಲದ ಕೆನ್ನೆ, ಎರಡೂ ಕಣ್ಣು ಒಂದೇ ಅಳತೆ. ಹಣೆಯ ನೆರಳೊಂದನ್ನು ಬೊಟ್ಟು ಎಂದುಕೊಂಡು ಅದನ್ನೂ ಇಟ್ಟಿತ್ತು. ಬೊಟ್ಟನ್ನು ಅಳಿಸಿದೆ. ಆ ಮೇಲೂ ನೋಡಲು ಮರ್ಯಾದಸ್ಥ ಮುಖವಾಗಿಯೇ ಇತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಸಮಾಧಾನವಾಯಿತು. ಕಟ್ಟು ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡೆ.

ಮಾರನೇ ದಿನ ಬೆಳಗ್ಗೆ ಹುಡುಗಿ ತಾನೇ ಸ್ಟುಡಿಯೊಗೆ ಬಂದಳು. ಅವಳ ಗಂಡನ ಮನೆ ತುಮಕೂರಿನಲ್ಲೇ. ಪರದೆಯ ಮೇಲೆ ಆ ಮುಖ ತೆಗೆದು ತೋರಿಸಿದೆ. ಹೇಗೆ ಮಾಡಿದೆ ಎಂದು ಹೇಳಲಿಲ್ಲ. ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಬಹಳ ಹೊತ್ತು ನೋಡಿದಳು.

"ಚೆನ್ನಾಗಿದೆ ಅಕ್ಕ" ಅಂದಳು. ಸ್ವಲ್ಪ ತಡೆದು, "ಅತ್ತೆ ಹಿಂಗಿದ್ರಾ?" ಅಂದಳು.

ನಾನು ಮುಖವನ್ನು ಇನ್ನಷ್ಟು ದೊಡ್ಡದು ಮಾಡಿ ತೋರಿಸಿದೆ.

"ಹತ್ತು ದಿನ ಆಗಿಲ್ಲ. ಅಷ್ಟು ಬೇಗ ನಂಗೇ ಮರ್ತೋಯ್ತಾ ಅಕ್ಕ? ದಿನಾ ನೋಡಿದ ಮುಖ. ಯಾಕೋ ನೆನಪಿಗೆ ಬರ್ತಾ ಇಲ್ಲ."

ಅವಳು ಫೋಟೊವನ್ನು ಅನುಮಾನಿಸುತ್ತಿರಲಿಲ್ಲ, ತನ್ನ ನೆನಪನ್ನು ಅನುಮಾನಿಸುತ್ತಿದ್ದಳು. ಸಾಕಿದವಳ ಮುಖ ಮರೆತೆನೇ ಎಂದು ಹೆದರಿ ಕೂತಿದ್ದಳು. ಇನ್ನೊಂದು ವರ್ಷ ಆ ಫೋಟೊವನ್ನು ಗೋಡೆಯ ಮೇಲೆ ನೋಡಿದರೆ ಯಾರೋ ಕಟ್ಟಿದ ಆ ಮುಖವೇ ಅವಳ ಅತ್ತೆಯಾಗಿಬಿಡುತ್ತಿತ್ತು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಅವಳ ಎದುರಿಗೇ ಆ ಫೈಲನ್ನು ಅಳಿಸಿದೆ.

"ನಿನಗೆ ಮರೆತಿಲ್ಲ ಕಣಮ್ಮ. ಅದು ನಿಮ್ಮತ್ತೆ ಅಲ್ಲ. ನಿಮ್ಮತ್ತೆಗೆ ಎಡಗಣ್ಣು ಚೂರು ಚಿಕ್ಕದಿತ್ತು."

"ಹೂಂ" ಅಂದಳು. "ಹೂಂ ಅಕ್ಕ, ಇತ್ತು." ಆಮೇಲೆ ಅತ್ತಳು.

ಎಲ್ಲವನ್ನೂ ಹೇಳಿದೆ. ಹೊಸದರಲ್ಲಿ ಯಾಕಿಲ್ಲ, ಹಳೆಯದರಲ್ಲಿ ಹೇಗೆ ಇದ್ದಿರಬಹುದು ಎಂದು. ಹಳೆಯದು ಹುಡುಗಿಯನ್ನು ಬಿಟ್ಟು ಹಿಂದಿದ್ದದ್ದನ್ನು ಹಿಡಿದ ಫೋಟೊಗಳು ನೂರಾರಿದ್ದವು. ಹಿಂದೆ ಇದ್ದವರು ಬಹುಪಾಲು ಅತ್ತೆಯೇ. ಜಳ್ಳೆಂದು ನಾನೇ ನನ್ನ ಕೈಯಾರೆ ಅಳಿಸಿದವು. ಕಂಪ್ಯೂಟರಿನದು ಎಸ್‌ಎಸ್‌ಡಿ ಡ್ರೈವ್, ಅದರಲ್ಲಿ ಹೋದದ್ದು ಹೋದಂತೆಯೇ. ಕ್ಯಾಮೆರಾ ಕಾರ್ಡಿನ ಕತೆ ಬೇರೆ. ಫಾರ್ಮ್ಯಾಟ್ ಮಾಡಿದಾಗ ಅದು ಅಳಿಸುವುದು ಹೆಸರಿನ ಪಟ್ಟಿಯನ್ನು ಮಾತ್ರ. ಫೋಟೊಗಳು ಒಳಗೇ ಇರುತ್ತವೆ, ಅವುಗಳ ಮೇಲೆ ಹೊಸ ಫೋಟೊ ಬೀಳುವವರೆಗೆ. ಹೊಸವು ಮೊದಲಿನಿಂದ ತುಂಬುತ್ತ ಬರುತ್ತವೆ. ಅಂದರೆ ಬೆಳಗಿನವು ಮೊದಲು ಹೋಗುತ್ತವೆ, ಮಧ್ಯಾಹ್ನದವು ಆಮೇಲೆ.

"ಎಷ್ಟು ತುಂಬಿರ್ಬೋದು?" ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕುಣಿಗಲ್‌ನವರಿಗೆ ಫೋನ್ ಹಚ್ಚಿದೆ. ಗಾಳಿಯ ಸದ್ದಿನ ನಡುವೆ ಎತ್ತಿದರು. ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರ ಒಂದು ಜೋಡಿಯ ಪ್ರೀ ವೆಡ್ಡಿಂಗ್ ಶೂಟ್ ನಡೆಸುತ್ತಿದ್ದರು.

"ಸರ್, ದಯವಿಟ್ಟು ಇನ್ನೊಂದು ಫೋಟೊನೂ ತೆಗೀಬೇಡಿ. ಕ್ಯಾಮೆರಾ ಆಫ್ ಮಾಡಿ."

"ಯಾಕ್ ಮೇಡಂ, ವಾಪಸ್ ಬೇಕೇನು?"

ವಿಷಯ ಹೇಳಿದೆ. ಆ ಕಡೆ ಗಾಳಿಯ ನಡುವೆ ಕಾರ್ಡಿನ ಕಿಂಡಿ ಟಕ್ಕೆಂದು ತೆರೆದದ್ದು ಕೇಳಿಸಿತು. "ತೆಗ್ದೆ ಮೇಡಂ, ಕಾರ್ಡು ಜೇಬಲ್ಲೈತೆ" ಅಂದರು. "ಆಗ್ಲೇ ಒಂದು ನಾಮಕರಣ, ಇವತ್ತಿಂದು ಇಷ್ಟು, ಎಲ್ಲ ಸೇರಿ ನಾನೂರು ಹೊಡ್ದಿವ್ನಿ. ಇನ್ನೂ ಇನ್ನೂರು ಹೊಡೀಬೇಕಿತ್ತು."

ಅವರ ಹತ್ತಿರ ಅದಕ್ಕೆ ಹಿಡಿಸುವ ಬೇರೆ ಕಾರ್ಡಿಲ್ಲ, ಹಳೇ ಡಿಎಸ್‌ಎಲ್‌ಆರ್ ಅನ್ನೂ ಸ್ಟುಡಿಯೊದಲ್ಲೇ ಬಿಟ್ಟು ಹೋಗಿದ್ದಾರೆ ಎಂಬುದು ನನಗೆ ಆಮೇಲೆ ಹೊಳೆಯಿತು. ಉಳಿದ ಶೂಟನ್ನು ಅವರು ಹೇಗೆ ಮುಗಿಸಿದರು ಎಂದು ಕೇಳಿದಾಗ ನಕ್ಕು, "ಫೋನಲ್ಲಿ ತೆಗ್ದೆ. ಮದುಮಗ ಮಕ ಗಂಟ್ ಹಾಕ್ದ, ಹುಡ್ಗಿಗೆ ವಿಷ್ಯ ಹೇಳ್ದೆ, ಅವ್ಳೇ ಸಮಾಧಾನ ಮಾಡಿದ್ಲು" ಅಂದರು. ಕಸುಬಿನವನ ಮಾನ ಏನೆಂದು ನನಗೆ ಗೊತ್ತು. ಒಪ್ಪಿಕೊಂಡ ಕೆಲಸದ ನಡುವೆ ಕ್ಯಾಮೆರಾ ಕೆಳಗಿಡುವುದು ಸಣ್ಣ ವಿಷಯವಲ್ಲ. ಅವರು ಅತ್ತೆಯನ್ನು ಕಂಡವರೂ ಅಲ್ಲ.

ನನ್ನ ಸ್ಕೂಟರಿನಲ್ಲಿ ಲ್ಯಾಪ್‌ಟಾಪ್ ಕಾಲ ಬಳಿ ಇಟ್ಟುಕೊಂಡು, ಹಿಂದೆ ಹುಡುಗಿಯನ್ನು ಕೂರಿಸಿಕೊಂಡು ಹೊರಟೆ. ಹೆಬ್ಬೂರಿನಲ್ಲಿ ಒಂದು ಕಡೆ ನಿಲ್ಲಿಸಿ ಟೀ ಕುಡಿಸಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಲೆಕ್ಕ. ಹಳೆಯದರಲ್ಲಿ ಆ ದಿನ ತೆಗೆದದ್ದು ಆರುನೂರು ಚಿಲ್ಲರೆ. ಮೊದಲ ನಾನೂರು ಹೋಗಿವೆ ಎಂದರೆ ಜಡೆ ಹೆಣೆದದ್ದು ಹೋಯಿತು, ಹಸೆಮಣೆ ಹೋಯಿತು, ಧಾರೆ ಹೋಯಿತು. ಉಳಿದದ್ದು ಊಟ, ಆಮೇಲೆ ಹೆಣ್ಣು ಒಪ್ಪಿಸುವ ಶಾಸ್ತ್ರ. ಊಟದ ಫೋಟೊದಲ್ಲಿ ಅತ್ತೆ ಇರಲಿಕ್ಕಿಲ್ಲ.

ಕುಣಿಗಲ್‌ನವರು ನಮಗಿಂತ ಮುಂಚೆ ಬಂದು ಸ್ಟುಡಿಯೊ ಬಾಗಿಲು ತೆಗೆದು ಕೂತಿದ್ದರು. ಅಂಗಿಯ ಜೇಬಿನಿಂದ ಕಾರ್ಡನ್ನು ತೆಗೆದರು, ಒಂದು ಚೀಟಿಯಲ್ಲಿ ಪ್ರಸಾದದ ಹಾಗೆ ಸುತ್ತಿಟ್ಟಿದ್ದರು. ಕಾರ್ಡಿನ ಪಕ್ಕದ ಚಿಕ್ಕ ಗುಂಡಿಯನ್ನು ಮೊದಲು ಲಾಕಿಗೆ ಎಳೆದೆ, ಇನ್ನು ಅದರ ಮೇಲೆ ಯಾರೂ ಏನೂ ಬರೆಯದ ಹಾಗೆ. ಲ್ಯಾಪ್‌ಟಾಪಿಗೆ ಹಾಕಿ, ಅಳಿದ ಫೈಲು ಹುಡುಕುವ ಸಾಫ್ಟ್‌ವೇರನ್ನು ಓಡಿಸಿದೆ. ಪಟ್ಟಿ ಇಲ್ಲದ ಗ್ರಂಥಾಲಯದಲ್ಲಿ ಒಂದೊಂದೇ ಪುಸ್ತಕ ಬಿಚ್ಚಿ ನೋಡುವ ಕೆಲಸ ಅದು. ಒಂದು ಗಂಟೆಗೂ ಮೇಲೆ ಹಿಡಿಯಿತು.

ಮೊದಲು ಬಂದದ್ದೆಲ್ಲ ಕುಣಿಗಲ್‌ನವರದೇ. ತೊಟ್ಟಿಲ ಮಗು, ಡ್ಯಾಮಿನ ನೀರು, ಮುಖಕ್ಕೆ ಮುಖ ತಾಗಿಸಿ ನಿಂತ ಜೋಡಿ. ಆಮೇಲೆ ತೆರೆಯಲಾಗದ ಒಂದಷ್ಟು ಬೂದು ಚೌಕಗಳು. ಅದಾದ ಮೇಲೆ ಒಂದು ಬಾಳೆಲೆ, ಅದರ ಮೇಲೆ ಒಬ್ಬಟ್ಟು.

"ನಮ್ಮದು" ಅಂದಳು ಹುಡುಗಿ.

ಊಟದ ಸಾಲುಗಳು ಒಂದೊಂದೇ ದಾಟಿದವು. ಹಜಾರ ಬಂತು. ಮೊದಲನೆಯದರಲ್ಲಿ ಯಾರದೋ ಕೈ ಅಡ್ಡ. ಎರಡನೆಯದರಲ್ಲಿ ಅತ್ತೆ ಇದ್ದರು, ಕಣ್ಣು ಮುಚ್ಚಿತ್ತು. ಮೂರನೆಯದನ್ನು ದೊಡ್ಡದು ಮಾಡಿದೆ.

ಮುಂದೆ ಹುಡುಗಿ, ಪೂರ್ತಿ ಮಸುಕು. ಒಂದು ಕಿವಿ, ಜುಮುಕಿ, ಮಲ್ಲಿಗೆ ಕನಕಾಂಬರದ ಜಡೆ ಎಲ್ಲ ಕಲಸಿಹೋದ ಬಣ್ಣ. ಅದರ ಹಿಂದೆ ಕಂಬಕ್ಕೊರಗಿ ಅತ್ತೆ. ಸೆರಗು ಕೈಯಲ್ಲೇ ಇತ್ತು, ಬಾಯಿಗೆ ಬಂದಿರಲಿಲ್ಲ. ಕ್ಯಾಮೆರಾ ಹುಡುಗಿಯ ಕಡೆಗಿದೆ, ತಮ್ಮನ್ನಲ್ಲ ತೆಗೆಯುತ್ತಿರುವುದು ಎಂಬ ಧೈರ್ಯ ಇದ್ದಿರಬೇಕು. ಹಣೆಯ ಗೆರೆ, ಕೆನ್ನೆಯ ಮೇಲೊಂದು ಮಚ್ಚೆ, ಚಿಕ್ಕದಾದ ಎಡಗಣ್ಣು. ಅಳುತ್ತಿರಲಿಲ್ಲ. ಹುಡುಗಿಯನ್ನು ನೋಡುತ್ತಿದ್ದರು, ಅಷ್ಟೇ. ಬೆಳಕು ಕಡಿಮೆಯಾಗಿ ಫೋಟೊ ತುಂಬ ರವೆ ಉದುರಿಸಿದ ಹಾಗಿತ್ತು. ನನ್ನ ಹೊಸ ಕ್ಯಾಮೆರಾ ಅಂಥದನ್ನು ಮೂಗು ಮುರಿದು ನೋಡುತ್ತಿತ್ತು.

ಹುಡುಗಿ ಪರದೆಯನ್ನು ಮುಟ್ಟಲಿಲ್ಲ. ಕೈಯನ್ನು ಹತ್ತಿರ ಒಯ್ದು ಹಾಗೇ ಹಿಡಿದಳು. "ಬಂದ್ರು" ಅಂದಳು.

ಕುಣಿಗಲ್‌ನವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಫೋಕಸ್ಸು ಹಿಂದಕ್ಕೋಗೈತೆ" ಅಂದರು, ಅಭ್ಯಾಸಬಲ.

"ಅದಕ್ಕೇ ಅಳಿಸಿದ್ದು ಸರ್."

"ಅಳ್ಸ್‌ಬಾರ್ದು ಮೇಡಂ. ಹಿಂದೆ ಇರೋರೂ ಯಾರ್‌ಗೋ ಮುಂದೆ ಇರ್ತಾರೆ." ಹೇಳಿಬಿಟ್ಟು, ಹೆಚ್ಚು ಮಾತಾಡಿದೆನೇನೋ ಎಂದು ಮುಜುಗರಪಟ್ಟು ನೀರು ತರಲು ಒಳಗೆ ಹೋದರು.

ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಸ್ಟುಡಿಯೊಗೆ ವಾಪಸ್ ಬಂದು ಮುಖವನ್ನು ಕತ್ತರಿಸಲು ಕೂತಾಗ ಇನ್ನೊಂದು ತೊಡಕು. ಹುಡುಗಿಯ ಜಡೆ ಅತ್ತೆಯ ಕೆನ್ನೆಯ ಅಂಚಿಗೆ, ಹೆಗಲಿಗೆ ಅಡ್ಡ ಬಂದಿತ್ತು. ಹೇಗೆ ಕತ್ತರಿಸಿದರೂ ಜಡೆ, ಜುಮುಕಿ ಮೂಲೆಯಲ್ಲಿ ಉಳಿಯುತ್ತಿದ್ದವು. ತೆಗೆಯಬೇಕೆಂದರೆ ಅರ್ಧ ಕೆನ್ನೆಯನ್ನು ನಾನು ಹೊಸದಾಗಿ ಕಟ್ಟಬೇಕು. ಹುಡುಗಿಗೆ ತೋರಿಸಿದೆ. ಹಾಗೇ ಇರಲಿ ಅಂದಳು. ಅವರಪ್ಪ ಒಪ್ಪಲಿಲ್ಲ. ಮಾರನೇ ದಿನ ಗುಬ್ಬಿಯಿಂದ ಬಂದವರು ಪ್ರಿಂಟನ್ನು ಕೈಯಲ್ಲಿ ಹಿಡಿದು ಅಕ್ಕನ ಮುಖವನ್ನು ಕಣ್ತುಂಬ ನೋಡಿದರು, ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಆಮೇಲೆ ಮೂಲೆಯ ಜಡೆಯ ಮೇಲೆ ಬೆರಳಿಟ್ಟರು.

"ಇದ್ಯಾರ್ದವ್ವ?"

"ಮಗಳದು ಯಜಮಾನ್ರೆ."

"ಇದ್ನ ತೆಗೀಬೇಕು. ಹಾರ ಹಾಕೋ ಫೋಟೊದಾಗೆ ಬದ್ಕಿರೋರು ಇರ್ಬಾರ್ದು. ಮದ್ವೆಯಾಗಿ ಇನ್ನೂ ತಿಂಗಳು ತುಂಬಿಲ್ಲ, ಬದ್ಕಿರೋ ಮಗೀಗೆ ಹಾರ ಹಾಕ್ತಾರೇನವ್ವ?"

ಅವರದು ಮೂಢತನ ಎಂದು ನನಗೆ ಅನ್ನಿಸಲಿಲ್ಲ. ಹೆಂಡತಿ ಹೋಗಿ, ಅಕ್ಕ ಹೋಗಿ, ಉಳಿದಿರುವುದು ಒಬ್ಬಳು ಮಗಳು. ನಾನಾಗಿದ್ದರೂ ಹೆದರುತ್ತಿದ್ದೆ. ಆದರೆ ಕೆನ್ನೆ ಕಟ್ಟಲು ನನಗೆ ಕೈ ಬರಲಿಲ್ಲ. "ತೆಗೆದರೆ ಆ ಪಕ್ಕದ ಮುಖ ನಾನು ಬರೆದದ್ದಾಗುತ್ತೆ, ನಿಮ್ಮಕ್ಕಂದಲ್ಲ" ಎಂದೆ.

ಹುಡುಗಿ ಅಪ್ಪನ ಕೈಯಿಂದ ಪ್ರಿಂಟ್ ತೆಗೆದುಕೊಂಡಳು. "ಅಪ್ಪ, ಅತ್ತೆ ಇದ್ರಲ್ಲಿ ಯಾರನ್ನ ನೋಡ್ತಾ ಅವ್ರೆ?"

ಅವರು ಮತ್ತೆ ಪ್ರಿಂಟಿನ ಕಡೆ ಬಗ್ಗಿದರು.

"ನನ್ನ ತೆಗೆದ್ರೆ ಸುಮ್ನೆ ಗೋಡೆ ನೋಡ್ದಂಗಾಗುತ್ತೆ. ಹಾರ ಬ್ಯಾಡ ಬಿಡಪ್ಪ. ಹೂವು ಮುಂದೆ ಇಡೋಣ."

"ಹಾರ ಇಲ್ದೆ ತಿಥಿ ಮಾಡ್ತಾರೇನವ್ವ? ನೋಡ್ದೋರು ಏನಂದಾರು?" ಎಂದರು. ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಕಟ್ಟು ಹಾಕಿಸಿ ಕೊಡಿ ಎಂದಷ್ಟೇ ಹೇಳಿ ಎದ್ದರು. ಜಡೆಯನ್ನು ಉಳಿಸಿಯೇ ಕಟ್ಟು ಹಾಕಿಸಿದೆ. ಎದೆಯಲ್ಲಿ ಅಳುಕಿತ್ತು.

ಹನ್ನೊಂದನೇ ದಿನ ಗುಬ್ಬಿಗೆ ನಾನೂ ಹೋದೆ, ಯಾವ ಕ್ಯಾಮೆರಾವನ್ನೂ ತೆಗೆದುಕೊಳ್ಳದೆ. ನಡುಮನೆಯಲ್ಲಿ ಮಣೆಯ ಮೇಲೆ ಬಿಳಿ ಬಟ್ಟೆ ಹಾಸಿ ಫೋಟೊ ಇಟ್ಟಿದ್ದರು. ಮುಂದೆ ದೀಪ, ಎಡೆ, ತಟ್ಟೆ ತುಂಬ ಬಿಡಿ ಹೂವು. ಬಂದವರು ಒಬ್ಬೊಬ್ಬರೇ ಹೂವು ಹಾಕಿ ಕೈಮುಗಿಯುತ್ತಿದ್ದರು. ಇಷ್ಟು ದೊಡ್ಡದಾಗಿ ಅತ್ತೆಯ ಮುಖವನ್ನು ಅವರಲ್ಲಿ ಎಷ್ಟೋ ಮಂದಿ ಅವತ್ತೇ ನೋಡುತ್ತಿದ್ದರೆಂದು ಕಾಣುತ್ತದೆ. ಕೈಮುಗಿದ ಮೇಲೂ ತುಸು ಹೊತ್ತು ನಿಲ್ಲುತ್ತಿದ್ದರು. ಹುಡುಗಿ ಎಡೆಯ ಪಕ್ಕ ಕೂತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಊರಿನ ಹಿರಿಯರೊಬ್ಬರು ದೊಡ್ಡ ಸುಗಂಧರಾಜದ ಹಾರ ಹಿಡಿದು ಬಂದರು. ಬರಿಗೈಲಿ ಬರಬಾರದೆಂದು ತುಮಕೂರಿನಿಂದ ಕಟ್ಟಿಸಿ ತಂದಿದ್ದರಂತೆ. ಫೋಟೊಗೆ ಹಾರವಿಲ್ಲದ್ದನ್ನು ನೋಡಿ ಅವರಿಗೆ ಬೇಸರವಾಯಿತು. "ಏನ್ಲಾ ಇದು, ಅಕ್ಕಂಗೆ ಒಂದು ಹಾರ ಇಲ್ವೇನ್ಲಾ" ಎನ್ನುತ್ತ ಕಟ್ಟಿನ ಮೇಲೆ ಹಾಕಲು ಬಗ್ಗಿದರು. ನಾನು ಹುಡುಗಿಯ ಕಡೆ ನೋಡಿದೆ. ಅವಳು ಅಪ್ಪನ ಕಡೆ ನೋಡಿದಳು.

ಬಾಗಿಲ ಹತ್ತಿರ ನಿಂತಿದ್ದ ಅಪ್ಪ ಸರಸರನೆ ಬಂದು ಹಿರಿಯರ ಎರಡೂ ಕೈಗಳನ್ನು ಹಾರದ ಸಮೇತ ಹಿಡಿದುಕೊಂಡರು.

"ಬ್ಯಾಡ ಕಣಣ್ಣ. ಅಕ್ಕನ ಜೊತೆ ನನ್ ಮಗ್ಳವ್ಳೆ ಅದ್ರಾಗೆ."